ಬೇಕು ಎನ್ನುವುದಕ್ಕೊಂದು ಅಳತೆ

ಹಾಲ್‌ನ ಟಿವಿ ಚೆನ್ನಾಗಿಯೇ ಇದೆ. ಅದಕ್ಕೆ ಸಿಕ್ಕಿಸಿರುವ ಹಳೆಯ ಸ್ಟ್ರೀಮಿಂಗ್ ಬಾಕ್ಸ್‌ಗೆ ಮಾತ್ರ ಅಪ್‌ಡೇಟ್ ನಿಂತುಹೋಗಿದೆ. ಹೊಸ ಆ್ಯಪ್‌ಗಳು ಬರುವುದಿಲ್ಲ. "ಅಮ್ಮಾ, ಹೊಸದು ತಗೊಂಡ್ಬಿಡೋಣ" ಎನ್ನುತ್ತಾನೆ ಮಗ. ನನ್ನದು ದುಡ್ಡಿನ ಚಿಂತೆಯಲ್ಲ. ಕೆಡದ ವಸ್ತುವನ್ನು ಹಳತೆಂದು ಇನ್ಯಾರೋ ತೀರ್ಮಾನಿಸಿದಾಗ ಹುಟ್ಟುವ ಆಸೆಯನ್ನು ನನ್ನದು ಎನ್ನಲಾದೀತೆ?

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ರಥ, ವಾದ್ಯ, ಅಪ್ಸರೆಯರನ್ನೆಲ್ಲ ಕೊಡಲು ಬಂದ. ಇವು ಇಂದ್ರಿಯಗಳನ್ನು ಸವೆಸುತ್ತವೆ, ನೀನೇ ಇಟ್ಟುಕೋ ಎಂದುಬಿಟ್ಟ ಹುಡುಗ. ನಮ್ಮೂರು ತೊಂಡೇಬಾವಿ ಇರುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲೇ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಬಾಳಿದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ. ಪವಾಡಗಳನ್ನು ಪ್ರಶ್ನಿಸಿದ ಆ ವಿಚಾರವಾದಿಗೂ ಉಪನಿಷತ್ತಿನ ಬಾಲಕನಿಗೂ ಈ ವಿಷಯದಲ್ಲಿ ಒಂದೇ ದಾರಿ.

ಆದರೆ ನಾನು ಸಂಸಾರಸ್ಥೆ. ಒಂದೇ ಕೋಣೆಯ ಬದುಕನ್ನು ಮನೆಮಂದಿಯ ಮೇಲೆ ಹೇರಿದರೆ ಅದು ತ್ಯಾಗವಲ್ಲ, ದರ್ಬಾರು. ಜೈನರ ಕ್ರಮ ನನಗೆ ಹತ್ತಿರ: ಮುನಿಗಳಿಗೆ ಪೂರ್ಣ ಅಪರಿಗ್ರಹದ ಮಹಾವ್ರತ; ಗೃಹಸ್ಥರಿಗೆ ಅಣುವ್ರತ, ಅಂದರೆ ಇಷ್ಟು ಸಾಕೆಂದು ಮೊದಲೇ ಗೆರೆ ಎಳೆದುಕೊಳ್ಳುವುದು. ಅಂಗಡಿಗೆ ಹೋದ ಮೇಲೆ ಎಳೆಯುವ ಗೆರೆ ಬರೀ ಚೌಕಾಸಿ.

ಮಗನಿಗೆ ಹೇಳಿದೆ: ಮಾವನವರ ಹರಿಕಥೆ, ಮೊಮ್ಮಗಳ ಪಾಠ ಬರುವವರೆಗೆ ಇದೇ ಇರಲಿ. ಅವು ನಿಂತ ದಿನ ಹೊಸದು ತರೋಣ.

"ಗೆರೆ ಬಾಕ್ಸ್‌ಗೆ ಮಾತ್ರಾನಾ, ನಿನ್ನ ಸೀರೆ ಬೀರುವಿಗೂ ಉಂಟಾ?" ಎಂದ.

ಕೇಳಿದ್ದು ನ್ಯಾಯವೇ. ಅದಕ್ಕೂ ಎಳೆಯಬೇಕು.