ಮನೆಯ ಶೃಂಗಾರ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಹೊಸ ಮನೆಗಳು ಏಳುತ್ತಿವೆ. ಪಡಸಾಲೆಗಳಿಗೆ ಸೋಫಾ, ಗಾಜಿನ ಕಪಾಟು, ಬಣ್ಣದ ಪರದೆಗಳು ಬರುತ್ತಿವೆ. ಗೃಹಸ್ಥನು ಮನೆಯನ್ನು ಅಂದಗೊಳಿಸುವುದು ದೋಷವಲ್ಲ. ಅನೇಕ ಶರಣರು ಸಂಸಾರದಲ್ಲಿದ್ದುಕೊಂಡೇ ಶಿವನನ್ನು ಸಾಧಿಸಿದರು. ಆದರೆ ಆ ಅಂದವು ಕಾಯಕದ ಗಳಿಕೆಯಿಂದ ಬಂದಿತೋ ಸಾಲದ ಕಂತಿನಿಂದ ಬಂದಿತೋ ಎಂಬುದನ್ನು ವಿಚಾರಿಸತಕ್ಕದ್ದು. ಮಳೆ ತಪ್ಪಿದ ವರ್ಷವೂ ಕಂತು ತಪ್ಪದು. ಆಗ ಹಳೆಯ ಸೋಫಾವನ್ನು ಕೊಳ್ಳುವವರಿಲ್ಲ. ಕೊಟ್ಟಿಗೆಯ ಎಮ್ಮೆಯೇ ಸಂತೆಗೆ ಹೋಗಬೇಕಾಗುವುದು.

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆಯನ್ನು ನೀವೆಲ್ಲ ಬಲ್ಲಿರಿ. ಆ ತಾಯಿಯ ಅಳತೆಯು ಮನೆಯ ಸಾಮಾನಿಗೂ ಸಲ್ಲುತ್ತದೆ. ಊರ ಬಡಿಗನು ಮಾಡಿದ ಗಟ್ಟಿ ಬೆಂಚು, ವರ್ಷಗಟ್ಟಲೆ ಬಾಳುವ ನವಲಗುಂದದ ಜಮಖಾನೆ, ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಅಜ್ಜಿಯ ಕೌದಿ, ಇವುಗಳಿಗಿಂತ ಚೆಲುವಾದುದು ಯಾವುದು?

ಹೊಲದಿಂದ ಕೆಸರುಗಾಲಿನಲ್ಲಿ ಬಂದ ಆಳು, ಕೂರಲು ಅಳುಕಿ ಹೊಸ್ತಿಲಲ್ಲೇ ನಿಂತರೆ, ಆ ಮನೆಯ ಆಸನವು ದಾಸೋಹಕ್ಕೆ ಅಡ್ಡಗೋಡೆಯಾಯಿತೆಂದೇ ತಿಳಿಯಿರಿ. ಬಂದವರು ನಿಸ್ಸಂಕೋಚವಾಗಿ ಕುಳಿತು, ಉಂಡು, ಹರಸಿ ಹೋಗುವ ಪಡಸಾಲೆಗೆ ಬೇರೆ ಶೃಂಗಾರವೇಕೆ?