ಅರ್ಧ ಕೇಳಿದ ಹಾಡು

ದಿಲ್‌ಸುಖ್‌ನಗರದಲ್ಲಿ ಮೆಟ್ರೋ ಹತ್ತಿದರೆ ಮಲಕಪೇಟೆ ಬರುವುದರೊಳಗೆ ನಾವು ಒಂದು ಭಾವಗೀತೆ ಕೇಳಿ ಮುಗಿಸಬಹುದು. ‘ಮೈಸೂರು ಮಲ್ಲಿಗೆ’ಯ (1942) ಯಾವ ಹಾಡನ್ನು ಬಿಡಿಯಾಗಿ ಕೇಳಿದರೂ ಕೆ. ಎಸ್. ನರಸಿಂಹಸ್ವಾಮಿಯವರಿಗೆ ಅನ್ಯಾಯವಾಗದು. ಮಾಲೆಯಿಂದ ಬಿಡಿಸಿದರೂ ಮಲ್ಲಿಗೆ ಮಲ್ಲಿಗೆಯೇ. ಟಿ. ಎಸ್. ನಾಗಾಭರಣ ಅವರು ಆ ಕವಿತೆಗಳನ್ನು ಪೋಣಿಸಿ ಚಲನಚಿತ್ರ ಮಾಡಿದ್ದು 1992ರಲ್ಲಿ. ಕಥೆ ಆಮೇಲೆ ಬಂದದ್ದು.

ನಮ್ಮ ಮಕ್ಕಳು ಕೇಳುವ, ನಮಗೆ ಬರೀ ಅಬ್ಬರವೆನಿಸುವ ‘ಪ್ರೊಗ್ರೆಸಿವ್ ಮೆಟಲ್’ ಸಂಗೀತದಲ್ಲಿ ಬೇರೊಂದು ಬಗೆಯ ಕೃತಿಯುಂಟು. ಅಮೆರಿಕದ ಡ್ರೀಮ್ ಥಿಯೇಟರ್ ತಂಡ 1999ರಲ್ಲಿ ಹೊರತಂದ ‘ಸೀನ್ಸ್ ಫ್ರಮ್ ಎ ಮೆಮೊರಿ’ಯಲ್ಲಿ 12 ಭಾಗಗಳು, ಸುಮಾರು 77 ನಿಮಿಷ. ಪುನರ್ಜನ್ಮದ ಕಥೆ, ನಮಗೇನೂ ಹೊಸದಲ್ಲ. 1928ರಲ್ಲಿ ವಿಕ್ಟೋರಿಯಾ ಎಂಬಾಕೆಯ ಕೊಲೆಯಾಗಿದೆ. ಪ್ರಿಯಕರನೇ ಅವಳನ್ನು ಕೊಂದು ತಾನೂ ಸತ್ತನೆಂದು ನಡುವಿನ ಒಂದು ಹಾಡು ಪತ್ರಿಕಾ ವರದಿಯಂತೆ, ಸಾಕ್ಷಿಯೊಬ್ಬನ ಮಾತನ್ನು ನಂಬಿ, ಹೇಳುತ್ತದೆ. ಆ ಸಾಕ್ಷಿಯೇ ಕೊಲೆಗಾರನೆಂದು ತಿಳಿಯುವುದು ಕಟ್ಟಕಡೆಯ ಭಾಗದಲ್ಲಿ! ಅದೊಂದೇ ಹಾಡನ್ನು ಕೇಳಿ ಎದ್ದವನು ಕೊಲೆಗಾರನ ಸಾಕ್ಷ್ಯವನ್ನೇ ಸತ್ಯವೆಂದು ಹೊತ್ತು ಮನೆಗೆ ಹೋಗುತ್ತಾನೆ. ಸತ್ತವನ ಹೆಸರು ಕೆಟ್ಟೇ ಉಳಿಯುತ್ತದೆ.

ಕಥೆಯಿದ್ದ ಮಾತ್ರಕ್ಕೆ ಕೃತಿ ದೊಡ್ಡದಾಗದು. ಅಂಥ ಕಥೆಗಳು ಹೈದರಾಬಾದಿನ ಸಿನಿಮಾ ಮಂದಿರಗಳಲ್ಲಿ ಬೇಕಾದಷ್ಟು. ಹಿಂದೆ ಕೇಳಿದ್ದನ್ನು ಮುಂದಿನದು ತಿದ್ದಬೇಕು. ಮೊದಲು ಬಂದ ರಾಗವೇ ಮತ್ತೆ ಬಂದಾಗ ಅದರ ಅರ್ಥ ಬೇರೆಯಾಗಿರಬೇಕು. ಅಂಥ ಕೃತಿಗೆ ನಮ್ಮಿಂದ ಪೂರ್ತಿ ಸಮಯವನ್ನು ಕೇಳುವ ಹಕ್ಕುಂಟೆಂದು ನಾವು ಭಾವಿಸುತ್ತೇವೆ. ಕಡತದ ಮೊದಲ ಹಾಳೆಯನ್ನಷ್ಟೇ ಓದಿ ಷರಾ ಬರೆದರೆ ಯಾರದೋ ಪಿಂಚಣಿ ನಿಂತುಹೋಗುತ್ತದೆಂದು ನಾವು ಗುಮಾಸ್ತರು ಬಲ್ಲೆವು.