ಪರಿಹಾರದ ಅರ್ಜಿಯೂ ಕೂಟಲೇಖಕ್ರಿಯೆಯೂ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಕೂಟಲೇಖಕ್ರಿಯೆ ಎಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ನ್ಯಾಸಾಪಹಾರವೆಂದರೆ ನಂಬಿ ಇಟ್ಟುದನ್ನು ಅಪಹರಿಸುವುದು. ಸಾಹುಕಾರರ ಕಾಲ ಮುಗಿದ ಮೇಲೆ ಇವು ನಮಗೆ ಸಂಬಂಧಿಸಿದವಲ್ಲವೆಂದು ಶ್ರಾವಕರು ನೆಮ್ಮದಿಯಿಂದಿರಬಹುದು. ಮೋಟಾರು ಅಪಘಾತದ ವಿಮಾ ಕಡತವೊಂದನ್ನು ಬಿಚ್ಚಿದರೆ ಆ ನೆಮ್ಮದಿ ಉಳಿಯದು.

ದೇವನಹಳ್ಳಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 44, ಹೊಸಕೋಟೆಯಿಂದ ಕೋಲಾರದತ್ತ 75, ನೆಲಮಂಗಲದಿಂದ ತುಮಕೂರಿನತ್ತ 48 ಹಾದುಹೋಗುತ್ತವೆ. ದೊಡ್ಡಬಳ್ಳಾಪುರದ ಮಗ್ಗದಲ್ಲಿ ದುಡಿಯುವ ಒಬ್ಬಾತ ಇಂತಹ ರಸ್ತೆಯೊಂದರಲ್ಲಿ ರಾತ್ರಿ ಬೈಸಿಕಲ್ಲಿನಲ್ಲಿ ಹೋಗುತ್ತಿದ್ದಾಗ ಯಾವುದೋ ವಾಹನ ಬಡಿದು ಸತ್ತನೆಂದು ಭಾವಿಸೋಣ. ವಾಹನ ನಿಲ್ಲಲಿಲ್ಲ, ಅದರ ಸಂಖ್ಯೆಯನ್ನು ಕಂಡವರಿಲ್ಲ. ಗುರುತು ಸಿಗದ ವಾಹನದಿಂದ ಮರಣವಾದಾಗ ಕುಟುಂಬಕ್ಕೆ ಸಿಗುವ ಮೊತ್ತ ಬಹುಕಾಲ 25,000 ರೂಪಾಯಿಗಳಿತ್ತು. 2022ರ ಏಪ್ರಿಲ್ 1ರಿಂದ ಅದು 2 ಲಕ್ಷವಾಯಿತು. ವಾಹನದ ಗುರುತು ಸಿಕ್ಕಿ, ಅದಕ್ಕೆ ವಿಮೆಯಿದ್ದು, ಚಾಲಕನ ತಪ್ಪು ಸಿದ್ಧವಾದರೆ, ನ್ಯಾಯಮಂಡಳಿಯು ಮೃತನ ವಯಸ್ಸು, ಆದಾಯ, ಅವಲಂಬಿತರ ಸಂಖ್ಯೆಗಳನ್ನು ನೋಡಿ ಇದರ ಹಲವು ಪಟ್ಟು ಪರಿಹಾರವನ್ನು ವಿಧಿಸಬಹುದು. ಈ ಅಂತರದಲ್ಲಿಯೇ ಪ್ರಲೋಭನೆ ಹುಟ್ಟುತ್ತದೆ. ‘ವಿಮೆಯಿರುವ ನಮ್ಮವರ ಗಾಡಿಯೊಂದರ ನಂಬರನ್ನು ಬರೆಸಿಬಿಡೋಣ, ಪಾಪ, ಎರಡು ಮಕ್ಕಳಿವೆ’ ಎಂದು ಯಾರೋ ಸಲಹೆ ಕೊಡುತ್ತಾರೆ. ಇಂತಹ ವ್ಯವಹಾರ ಕೇವಲ ಊಹೆಯದಲ್ಲ. ಉತ್ತರ ಪ್ರದೇಶದಲ್ಲಿ ಸುಳ್ಳು ಅಪಘಾತ ಅರ್ಜಿಗಳ ತನಿಖೆಗೆ ಅಲಹಾಬಾದ್ ಉಚ್ಚ ನ್ಯಾಯಾಲಯವು 2015ರಲ್ಲಿ ವಿಶೇಷ ತಂಡವನ್ನೇ ರಚಿಸಬೇಕಾಯಿತು.

ಸಲಹೆ ಕೊಟ್ಟವನನ್ನು ದುಷ್ಟನೆಂದು ತಳ್ಳಿಹಾಕುವುದು ಸುಲಭ, ಅದು ನ್ಯಾಯವಲ್ಲ. ಅವನಿಗೆ ಶಾಸ್ತ್ರಾಧಾರವೂ ಇರುವಂತೆ ತೋರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಗೃಹಸ್ಥನು ನುಡಿಯಬಾರದೆಂದು ವಿಧಿಸಿದ್ದಾರೆ. ಇಲ್ಲಿ ಸತ್ಯವು ಆ ವಿಧವೆಗೆ ವಿಪತ್ತಲ್ಲವೇ?

ವಿಪತ್ತು ಬಂದುದು ಸತ್ಯದಿಂದಲ್ಲ, ನಿಲ್ಲದೆ ಓಡಿದ ಚಾಲಕನಿಂದ ಎಂಬುದು ಮೊದಲ ಉತ್ತರ. ಅದೇ ಗ್ರಂಥವು ಸ್ಥೂಲ ಅಸತ್ಯವನ್ನು ತಾನು ಹೇಳದಿರುವುದರೊಂದಿಗೆ ಪರರಿಂದ ಹೇಳಿಸದಿರುವುದನ್ನೂ ವ್ರತದಲ್ಲಿ ಸೇರಿಸಿದೆಯೆಂಬುದನ್ನು ಮರೆಯಬಾರದು. ಒಂದು ನಂಬರಿನ ಸುಳ್ಳಿಗೆ ಎಷ್ಟು ಬಾಯಿಗಳು ಬೇಕು! ಕಾಣದುದನ್ನು ಕಂಡೆನೆನ್ನುವ ಸಾಕ್ಷಿ ಬೇಕು, ಮಾಡದ ಅಪರಾಧಕ್ಕೆ ಆರೋಪಿಯಾಗುವ ಚಾಲಕ ಬೇಕು; ಕೊನೆಗೆ ದುಃಖದಲ್ಲಿರುವ ಆ ಹೆಂಗಸೇ ಪ್ರಮಾಣ ಮಾಡಿ ಸುಳ್ಳು ಅರ್ಜಿಗೆ ಸಹಿ ಹಾಕಬೇಕು. ಇನ್ನೊಂದು ಪರಿಣಾಮವನ್ನು ಯಾರೂ ಎಣಿಸುವುದಿಲ್ಲ. ಸುಳ್ಳು ಆರೋಪಿಯ ಹೆಸರು ಕಡತಕ್ಕೆ ಸೇರಿದೊಡನೆ ನಿಜವಾದ ವಾಹನದ ಹುಡುಕಾಟ ನಿಂತುಹೋಗುತ್ತದೆ. ಕೊಂದವನಿಗೆ ಇದಕ್ಕಿಂತ ದೊಡ್ಡ ಅಭಯದಾನ ಬೇರೆ ಇಲ್ಲ.

ಹಾಗಾದರೆ ಎರಡು ಲಕ್ಷ ಸಾಕೇ? ಸಾಲದು, ಸಾಕೆನ್ನಲು ಯಾರಿಗೂ ಬಾಯಿ ಬಾರದು. ಆದರೆ ಕಂಪನಿಯ ಹಣದಲ್ಲಿ ಕರುಣೆ ತೋರಲು ಮುಂದಾಗುವವರು ಅದೇ ಮನೆಗೆ ತಮ್ಮ ಕೈಯಿಂದ ತಿಂಗಳ ಅಕ್ಕಿಯನ್ನು ಕಳುಹಿಸುವುದು ಅಪರೂಪ. ದಾನಕ್ಕೆ ನಮ್ಮಲ್ಲಿ ಹೆಸರುಗಳಿಗೇನೂ ಕೊರತೆಯಿಲ್ಲ.

ಈಗ ಕಂಪನಿಯ ಕಡೆಗೆ ತಿರುಗೋಣ. ನ್ಯಾಸಾಪಹಾರಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ವಿವರಣೆ ಸೂಕ್ಷ್ಮವಾದುದು. ಒಡವೆಯಿಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ, ನಿಜ ಬಲ್ಲವನು ‘ಹಾಗೆಯೇ ಆಗಲಿ’ ಎಂದು ಅಷ್ಟನ್ನೇ ಕೊಟ್ಟರೆ ಅದು ಅತಿಚಾರ. ಮೃತನು ಸ್ವಂತ ದುಡಿಮೆಯವನಾಗಿದ್ದು 40 ವರ್ಷದೊಳಗಿನವನಾಗಿದ್ದರೆ ಆದಾಯಕ್ಕೆ ಶೇಕಡಾ 40ರಷ್ಟನ್ನು ಭವಿಷ್ಯದ ಏಳಿಗೆಗಾಗಿ ಸೇರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಪ್ರಣಯ್ ಸೇಠಿ ಪ್ರಕರಣದಲ್ಲಿ ತೀರ್ಮಾನಿಸಿತು. ಈ ಲೆಕ್ಕವನ್ನು ಬಲ್ಲ ಅಧಿಕಾರಿಯು, ಅದನ್ನು ಅರಿಯದ ಹೆಂಗಸು ರಾಜಿಯಲ್ಲಿ ಕಡಿಮೆ ಕೇಳಿದಳೆಂದು ಸಂತೋಷದಿಂದ ಸಹಿ ಮಾಡಿಸಿಕೊಂಡರೆ, ಪೂಜ್ಯಪಾದರ ಮಾತು ಅವನಿಗೆ ಅಕ್ಷರಶಃ ಅನ್ವಯಿಸುತ್ತದೆ. ಕಂಪನಿಗೆ ವ್ರತವಿಲ್ಲ, ನಿಜ. ಸಹಿ ಮಾಡಿಸಿಕೊಳ್ಳುವ ಕೈ ಮನುಷ್ಯನದು.

ಇನ್ನು ವಾಹನದ ಒಡೆಯನ ಮಾತು. ಕಂಪನಿಯ ಲಿಖಿತ ಸಮ್ಮತಿಯಿಲ್ಲದೆ ತಪ್ಪನ್ನು ಒಪ್ಪಿಕೊಳ್ಳಬಾರದು, ಹಣದ ಭರವಸೆ ಕೊಡಬಾರದು ಎಂಬ ಷರತ್ತು ನಮ್ಮ ಮೋಟಾರು ಪಾಲಿಸಿಗಳಲ್ಲಿದೆ. ಇದನ್ನೇ ನೆಪಮಾಡಿ ಗಾಯಾಳುವಿನ ಮುಖವನ್ನೂ ನೋಡದೆ ಹೋಗುವವರುಂಟು. ಆದರೆ 1988ರ ಮೋಟಾರು ವಾಹನ ಕಾಯಿದೆಯ 134ನೆಯ ಕಲಮು ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದನ್ನೂ, ಹೆಚ್ಚೆಂದರೆ 24 ಗಂಟೆಗಳೊಳಗೆ ಪೊಲೀಸರಿಗೆ ವರದಿ ಮಾಡುವುದನ್ನೂ ಚಾಲಕನ ಕರ್ತವ್ಯವೆಂದಿದೆ. ಖಾಸಗಿ ಷರತ್ತು ಕಾಯಿದೆಯ ಕರ್ತವ್ಯವನ್ನು ಅಳಿಸಲಾರದು. ಪ್ರಮಾದವೇ ಹಿಂಸೆಯ ಮೂಲವೆಂದು ಬಲ್ಲ ಶ್ರಾವಕನಿಗಂತೂ, ವಿಮೆಯು ಹಣದ ಹೊರೆಯನ್ನು ಹೊರಬಲ್ಲುದೇ ಹೊರತು ಆಸ್ರವವನ್ನಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ವೇಗದ ನಿಜವನ್ನು ಪೊಲೀಸರಿಗೆ ಹೇಳಿದರೆ ಕಂಪನಿ ಪರಿಹಾರವನ್ನು ನಿಲ್ಲಿಸೀತೆಂದು ಅನೇಕರು ಅಂಜುತ್ತಾರೆ. ಸಂಗತಿ ಇದಕ್ಕೆ ವಿರುದ್ಧವಾಗಿದೆ. ಚಾಲಕನು ಅತಿವೇಗದಲ್ಲಿದ್ದನೆಂಬುದು ಮೂರನೆಯವರ ಪರಿಹಾರವನ್ನು ನಿರಾಕರಿಸಲು ಕಂಪನಿಗೆ ಕಾರಣವಾಗದು. 166ನೆಯ ಕಲಮಿನ ಅರ್ಜಿಯಲ್ಲಿ ಚಾಲಕನ ಅಜಾಗರೂಕತೆಯನ್ನು ತೋರಿಸಬೇಕಾದ ಭಾರ ಇರುವುದೇ ನೊಂದವರ ಮೇಲೆ. ಅವನು ಮುಚ್ಚಿಟ್ಟ ಮಾತೇ ಅವರಿಗೆ ಬೇಕಾದ ಸಾಕ್ಷ್ಯ.